ಅಲಿಸಿಯಾ ಅಲೊನ್ಸೊ: ಕಂಪನಿ ಕಟ್ಟಿದ್ದು ಅವರಾ, ಸರ್ಕಾರನಾ?

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು ವರ್ಷ. ಆರು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಶಾಲೆಯಲ್ಲಿ ಕ್ಯೂಬಾದ ಬ್ಯಾಲೆ ನರ್ತಕಿ ಅಲಿಸಿಯಾ ಅಲೊನ್ಸೊ ಬಗ್ಗೆ ಮಾತಾಡಲು ಹೇಳಿದ್ದಾರೆ. ಮೊಬೈಲ್‌ನಲ್ಲಿ ಹುಡುಕಿದರೆ ಒಂದು ಕಡೆ ‘ಕಣ್ಣೇ ಕಾಣದ ನರ್ತಕಿ’ ಅಂತ ಇದೆ. ಇನ್ನೊಂದು ಕಡೆ ‘ಕ್ಯಾಸ್ಟ್ರೊ ದುಡ್ಡಲ್ಲಿ ಮೆರೆದವರು’ ಅಂತ ಇದೆ. ಕಣ್ಣು ಕಾಣದೆ ತುದಿಗಾಲಲ್ಲಿ ಕುಣಿಯಲು ಆಗುತ್ತಾ? ದೇಶದ ಬ್ಯಾಲೆ ಕಂಪನಿ ಕಟ್ಟಿದ್ದು ನಿಜಕ್ಕೂ ಅವರೇನಾ? ಇನ್ನೊಂದು, ಮಗಳಿಗೆ ಈಗ ಬ್ಯಾಲೆನೂ ಕಲಿಯಬೇಕಂತೆ. ಸೇರಿಸಬಹುದಾ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಅಲಿಸಿಯಾ ಅವರಿಗೆ ಇಪ್ಪತ್ತನೇ ವಯಸ್ಸಿನಿಂದಲೇ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಕೊನೆಗಾಲದಲ್ಲಿ ಹೆಚ್ಚುಕಮ್ಮಿ ಏನೂ ಕಾಣುತ್ತಿರಲಿಲ್ಲ. ಆದರೂ ಕುಣಿದರು. ಕಂಪನಿ ಶುರುವಾಗಿದ್ದು 1948ರಲ್ಲಿ, ಕ್ಯೂಬಾದ ಕ್ರಾಂತಿಯ ನಾಯಕ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದಿದ್ದು 1959ರಲ್ಲಿ. ನಡುವಿನ ಹನ್ನೊಂದು ವರ್ಷ ಲೆಕ್ಕಕ್ಕೆ ತೆಗೆದುಕೊಳ್ಳದವರು ‘ಸರ್ಕಾರ ಕಟ್ಟಿದ್ದು’ ಅನ್ನುತ್ತಾರೆ. ಹಾಗಂತ ‘ಅವರೊಬ್ಬರೇ ಕಟ್ಟಿದರು’ ಅನ್ನುವುದೂ ಅರ್ಧ ನಿಜ. ಕಟ್ಟಿದವರು ಮೂರು ಜನ. ಅದರಲ್ಲಿ ಇಬ್ಬರ ಹೆಸರು ನಿಮ್ಮ ಮಗಳಿಗೆ ಸಿಕ್ಕ ಮಾಹಿತಿಯಲ್ಲಿ ಇರಲಿಕ್ಕಿಲ್ಲ.

ಮುಂದೆ ಹೋಗುವ ಮೊದಲು ಬ್ಯಾಲೆ ಅನ್ನುವ ಪದದ ಬಗ್ಗೆ ಒಂದು ಮಾತು. ನಮ್ಮಲ್ಲಿ ಸ್ಕೂಲ್ ಡೇ ಪತ್ರಿಕೆಯಲ್ಲಿ ‘ದಶಾವತಾರ ಬ್ಯಾಲೆ’ ಅಂತ ಹಾಕುತ್ತಾರಲ್ಲ, ಅದು ನೃತ್ಯನಾಟಕ. ಇಲ್ಲಿ ನಾನು ಹೇಳುತ್ತಿರುವುದು ಯುರೋಪಿನ ಶಾಸ್ತ್ರೀಯ ಬ್ಯಾಲೆ. ಇಟಲಿ, ಫ್ರಾನ್ಸ್, ರಷ್ಯಾಗಳಲ್ಲಿ ಬೆಳೆದದ್ದು. ಹೆಂಗಸರು ಮುಂಭಾಗ ಗಟ್ಟಿ ಮಾಡಿದ ಸ್ಯಾಟಿನ್ ಶೂ ಹಾಕಿಕೊಂಡು ಕಾಲ್ಬೆರಳ ತುದಿಯ ಮೇಲೆ ನಿಲ್ಲುತ್ತಾರೆ. ಮಗಳು ತರಗತಿಯಲ್ಲಿ ಮಾತಾಡುವಾಗ ಈ ವ್ಯತ್ಯಾಸವನ್ನು ಮೊದಲೇ ಹೇಳಿಬಿಟ್ಟರೆ ಗೊಂದಲ ಇರುವುದಿಲ್ಲ.

ಅಲಿಸಿಯಾ ಹುಟ್ಟಿದ್ದು ಹವಾನಾದಲ್ಲಿ, 1920ರ ಡಿಸೆಂಬರ್ 21ರಂದು. ತಂದೆ ಸೈನ್ಯದಲ್ಲಿ ಪಶುವೈದ್ಯರು. ಅಲೊನ್ಸೊ ಅನ್ನುವುದು ಗಂಡನ ಮನೆಯ ಹೆಸರು, ಹುಟ್ಟಿದ ಮನೆಯದು ಮಾರ್ಟಿನೆಜ್. ಹವಾನಾದಲ್ಲಿ ‘ಪ್ರೊ ಆರ್ಟೆ ಮ್ಯೂಸಿಕಲ್’ ಅಂತ ಒಂದು ಸಂಗೀತ ಸಭಾ ಇತ್ತು. ಸಿರಿವಂತರ ಮನೆಯ ಹೆಂಗಸರು ನಡೆಸುತ್ತಿದ್ದ ಸಭಾ. 1931ರಲ್ಲಿ ಅಲ್ಲಿ ಬ್ಯಾಲೆ ತರಗತಿ ಶುರುವಾಯಿತು. ಉದ್ದೇಶ ಕಲಾವಿದರನ್ನು ತಯಾರು ಮಾಡುವುದೇನೂ ಅಲ್ಲ. ಒಳ್ಳೆ ಮನೆಯ ಹುಡುಗಿಯರಿಗೆ ನಿಲುವು, ನಡಿಗೆ ಬರಲಿ ಅಂತ, ಅಷ್ಟೇ. ಕಲಿಸಲು ಬಂದವರು ನಿಕೊಲಾಯ್ ಯಾವೊರ್ಸ್ಕಿ ಅನ್ನುವ ರಷ್ಯನ್. ಶುರುವಿನಲ್ಲಿ ಆ ಶಾಲೆಗೆ ಹೊರದೇಶದಿಂದ ಒಂದೇ ಒಂದು ಜೊತೆ ಬ್ಯಾಲೆ ಶೂ ಬಂತಂತೆ. ಎಲ್ಲ ಹುಡುಗಿಯರೂ ಹಾಕಿ ನೋಡಿದರೂ ಸರಿಹೊಂದಿದ್ದು ಅಲಿಸಿಯಾ ಕಾಲಿಗೆ ಮಾತ್ರವಂತೆ. ಅವರೇ ನಗುತ್ತಾ ಹೇಳಿಕೊಳ್ಳುತ್ತಿದ್ದ ಕಥೆ ಇದು.

ಅದೇ ಸಭಾದಲ್ಲಿ ಲಾರಾ ರೈನೇರಿ ಅನ್ನುವವರು ಪ್ರಮುಖರು, ಆಮೇಲೆ ಅಧ್ಯಕ್ಷೆಯೂ ಆದರು. ಅವರಿಗೆ ಇಬ್ಬರು ಗಂಡು ಮಕ್ಕಳು, ಫರ್ನಾಂಡೊ ಮತ್ತು ಆಲ್ಬರ್ಟೊ. ಗಂಡುಹುಡುಗರು ಬ್ಯಾಲೆ ಕಲಿಯುವುದು ಆಗಿನ ಹವಾನಾದಲ್ಲಿ ಜನ ಬಾಯಿಗೆ ಕೈ ಅಡ್ಡ ಇಟ್ಟು ನಗುವ ವಿಷಯ. ಅಧ್ಯಕ್ಷೆಯ ಮಕ್ಕಳೇ ಸೇರಿದ ಮೇಲೆ ಯಾರೇನು ಹೇಳುತ್ತಾರೆ? ಅಲಿಸಿಯಾ 1937ರಲ್ಲಿ, ಹದಿನಾರನೇ ವಯಸ್ಸಿನಲ್ಲಿ ನ್ಯೂಯಾರ್ಕ್‌ಗೆ ಹೋಗಿ ಫರ್ನಾಂಡೊ ಅವರನ್ನು ಮದುವೆಯಾದರು. ಮರುವರ್ಷ ಮಗಳು ಲಾರಾ ಹುಟ್ಟಿದಳು. ಹದಿನೇಳು ವರ್ಷದ ತಾಯಿ, ಪರದೇಶ, ಕೈಯಲ್ಲಿ ಕಾಸಿಲ್ಲ. ಇಬ್ಬರೂ ಬ್ರಾಡ್‌ವೇ ಸಂಗೀತ ನಾಟಕಗಳಲ್ಲಿ ಹಿಂದಿನ ಸಾಲಿನಲ್ಲಿ ಕುಣಿದರು. 1940ರಲ್ಲಿ ಹೊಸದಾಗಿ ಶುರುವಾದ ಬ್ಯಾಲೆ ಥಿಯೇಟರ್ ಸೇರಿದರು. ಇಂದಿನ ಅಮೆರಿಕನ್ ಬ್ಯಾಲೆ ಥಿಯೇಟರ್ ಅದೇ.

1941ರಲ್ಲಿ ಕಣ್ಣು ಕೈಕೊಟ್ಟಿತು. ಕಣ್ಣಿನ ಹಿಂದುಗಡೆ ರೆಟಿನಾ ಅಂತ ತೆಳು ಪರದೆ ಇದೆಯಲ್ಲ, ಅದು ಗೋಡೆಯಿಂದ ಸುಣ್ಣ ಕಳಚಿದ ಹಾಗೆ ಕಳಚತೊಡಗಿತು. ಆಪರೇಷನ್ ಆಯಿತು. ಗುಣವಾಗಲಿಲ್ಲ. ಮತ್ತೊಂದು ಆಯಿತು. ಮೂರನೆಯದು ಹವಾನಾದಲ್ಲಿ. ಆಗಿನ ಕಾಲದಲ್ಲಿ ಲೇಸರ್ ಎಲ್ಲಿತ್ತು? ಆಪರೇಷನ್ ಮಾಡಿ, ಅಲುಗಾಡದೆ ಮಲಗು ಅನ್ನುವುದೇ ಚಿಕಿತ್ಸೆ. ಒಂದು ವರ್ಷ ಹಾಸಿಗೆ. ತಲೆ ತಿರುಗಿಸುವ ಹಾಗಿಲ್ಲ, ಜೋರಾಗಿ ನಗುವ ಹಾಗಿಲ್ಲ, ಅಳುವ ಹಾಗೂ ಇಲ್ಲ. ಗಟ್ಟಿ ಪದಾರ್ಥ ಅಗಿಯುವ ಹಾಗಿಲ್ಲ. ಮೂರು ವರ್ಷದ ಮಗಳನ್ನು ಎತ್ತಿಕೊಳ್ಳುವ ಹಾಗಿಲ್ಲ.

ನಿಮ್ಮ ಮಗಳಿಗೆ ನಾನು ಹೇಳುವುದು, ಮಾತನ್ನು ಇಲ್ಲಿಂದಲೇ ಶುರು ಮಾಡಲಿ. ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ದಾರೆ. ಪಕ್ಕದಲ್ಲಿ ಫರ್ನಾಂಡೊ ದಿನಾ ಬಂದು ಕೂರುತ್ತಾರೆ. ಹೊದಿಕೆಯ ಮೇಲೆ ಎರಡು ಬೆರಳುಗಳನ್ನು ಕಾಲಿನ ಹಾಗೆ ನಿಲ್ಲಿಸಿ, ‘ಜಿಸೆಲ್’ ಬ್ಯಾಲೆಯ ಒಂದೊಂದು ಹೆಜ್ಜೆಯನ್ನೂ ತೋರಿಸುತ್ತಾರೆ. ಅಲಿಸಿಯಾ ಅದನ್ನು ತಮ್ಮ ಬೆರಳಿನಲ್ಲಿ ತಿರುಗಿ ಮಾಡುತ್ತಾರೆ. ಇದು ತೋರುಬೆರಳು, ಇದು ನಡುಬೆರಳು, ಇಲ್ಲಿ ನೆಗೆತ, ಇಲ್ಲಿ ಸುತ್ತು. ಹೀಗೆ ಪೂರ್ತಿ ಪಾತ್ರವನ್ನು ಮಲಗಿಕೊಂಡೇ ಕಲಿತರು. ಕಾಲು ಕಲಿಯುವ ಮೊದಲೇ ತಲೆ ಕಲಿತಿತ್ತು. ಮುಂದೆ ಐವತ್ತು ವರ್ಷ ಅವರನ್ನು ಕಾಪಾಡಿದ್ದು ಈ ಅಭ್ಯಾಸವೇ ಅಂತ ನನಗನ್ನಿಸುತ್ತದೆ.

ಹಾಸಿಗೆ ಬಿಟ್ಟು ಎದ್ದ ಮೇಲೂ ವೈದ್ಯರು ಕುಣಿಯಲು ಒಪ್ಪಲಿಲ್ಲ. ಅಷ್ಟರಲ್ಲಿ ಹವಾನಾಕ್ಕೆ ಚಂಡಮಾರುತ ಬಂತು. ಮನೆಯ ಗಾಜಿನ ಬಾಗಿಲು ಒಡೆದು ಚೂರುಗಳು ಅವರ ಮುಖ ತಲೆ ಮೇಲೆಲ್ಲ ಬಿದ್ದವು. ಕಣ್ಣಿಗೆ ಮಾತ್ರ ಏನೂ ಆಗಲಿಲ್ಲ. ಇಷ್ಟಾದರೂ ಉಳಿದುಕೊಂಡ ಕಣ್ಣಿಗೆ ಕುಣಿದರೆ ಏನಾದೀತು ಅಂತ ವೈದ್ಯರು ಬಿಟ್ಟುಕೊಟ್ಟರಂತೆ.

1943ರ ನವೆಂಬರ್ 2. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಆಪೆರಾ ಹೌಸ್. ‘ಜಿಸೆಲ್’ ಮಾಡಬೇಕಿದ್ದ ಅಲಿಸಿಯಾ ಮಾರ್ಕೋವಾ ಹುಷಾರಿಲ್ಲದೆ ಮಲಗಿದ್ದರು. ಆ ಕಾಲಕ್ಕೆ ಜಿಸೆಲ್ ಅಂದರೆ ಮಾರ್ಕೋವಾ. ಅವರ ಬದಲು ನಿಂತು ಯಾರು ಬೈಸಿಕೊಳ್ಳುತ್ತಾರೆ? ಅಲೊನ್ಸೊ ‘ನಾನು ಮಾಡುತ್ತೇನೆ’ ಅಂದರು. ಬೆರಳಿನಲ್ಲಿ ಕಲಿತದ್ದನ್ನು ಆ ರಾತ್ರಿ ಕಾಲಿನಲ್ಲಿ ಮಾಡಿ ತೋರಿಸಿದರು. ಜೊತೆಗೆ ಕುಣಿದವರು ಆಂಟನ್ ಡೋಲಿನ್. ಅಂದಿನಿಂದ ಜಿಸೆಲ್ ಅವರ ಪಾತ್ರವಾಯಿತು. (ಇದೇ ಮಾರ್ಕೋವಾ, ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ನರ್ತಕ ರಾಮ್ ಗೋಪಾಲ್ ಜೊತೆ 1960ರಲ್ಲಿ ರಾಧಾಕೃಷ್ಣರ ಕಥೆ ಕುಣಿದವರು. ನೃತ್ಯಲೋಕ ಅಷ್ಟೇನೂ ದೊಡ್ಡದಲ್ಲ.)

ಕಥೆ ಗೊತ್ತಿಲ್ಲದವರಿಗೆ: ಜಿಸೆಲ್ ಒಬ್ಬ ಹಳ್ಳಿ ಹುಡುಗಿ. ವೇಷ ಮರೆಸಿಕೊಂಡು ಬಂದ ಶ್ರೀಮಂತನನ್ನು ಪ್ರೀತಿಸುತ್ತಾಳೆ. ಅವನಿಗೆ ಆಗಲೇ ಬೇರೆ ಹುಡುಗಿ ಗೊತ್ತಾಗಿದೆ ಅಂತ ತಿಳಿದು ಹುಚ್ಚು ಹಿಡಿದು ಸಾಯುತ್ತಾಳೆ. ಎರಡನೇ ಅಂಕದಲ್ಲಿ ಅವಳು ಒಂದು ಥರ ಮೋಹಿನಿ. ಮದುವೆಗೆ ಮೊದಲೇ ಸತ್ತ ಹುಡುಗಿಯರ ದೆವ್ವಗಳೆಲ್ಲ ಸೇರಿ ಕಾಡಿಗೆ ಬಂದ ಗಂಡಸರನ್ನು ಸಾಯುವವರೆಗೂ ಕುಣಿಸುತ್ತವೆ. ಜಿಸೆಲ್ ಮಾತ್ರ ಅವನನ್ನು ಬೆಳಗಾಗುವವರೆಗೆ ಕಾಪಾಡುತ್ತಾಳೆ.

ಈಗ ನಿಮ್ಮ ಮೊದಲ ಪ್ರಶ್ನೆ. ಕಾಣದೆ ಕುಣಿಯುವುದು ಹೇಗೆ?

ಈಗಲೇ ಎದ್ದು ಒಂದು ಕಾಲಲ್ಲಿ ನಿಂತು ನೋಡಿ. ಅರ್ಧ ನಿಮಿಷ ಆರಾಮಾಗಿ ನಿಲ್ಲುತ್ತೀರಿ. ಹಾಗೇ ಕಣ್ಣು ಮುಚ್ಚಿ. ಹತ್ತು ಎಣಿಸುವಷ್ಟರಲ್ಲಿ ತೂರಾಡುತ್ತೀರಿ. ದೇಹ ಸಮತೋಲನ ಕಾಯ್ದುಕೊಳ್ಳುವುದು ಮೂರರಿಂದ: ಕಣ್ಣು, ಒಳಕಿವಿ, ಮತ್ತೆ ಪಾದ, ಕೀಲು, ಸ್ನಾಯುಗಳಿಂದ ಬರುವ ಸುದ್ದಿ. ಬ್ಯಾಲೆಯವರು ಸುತ್ತುವಾಗ ಎದುರಿಗೆ ಒಂದು ಗುರುತು ಹಿಡಿದುಕೊಳ್ಳುತ್ತಾರೆ. ಮೈ ತಿರುಗುತ್ತಿದ್ದರೂ ಕಣ್ಣು ಅಲ್ಲೇ ನೆಟ್ಟಿರುತ್ತದೆ. ಕೊನೆ ಗಳಿಗೆಯಲ್ಲಿ ತಲೆ ಚಕ್ಕನೆ ತಿರುಗಿ ಮತ್ತೆ ಅದೇ ಗುರುತಿಗೆ ಬರುತ್ತದೆ. ತಲೆಸುತ್ತು ಬಾರದ ಹಾಗೆ ನೋಡಿಕೊಳ್ಳುವ ಉಪಾಯ ಅದು. ‘ಸ್ವಾನ್ ಲೇಕ್’ನಲ್ಲಿ ಒಂದೇ ಕಾಲಿನ ಮೇಲೆ ಸಾಲಾಗಿ 32 ಸುತ್ತು ಇದೆ. ಕಣ್ಣಿನ ಗುರುತು ತಪ್ಪಿತೋ, ನರ್ತಕಿ ಸುತ್ತುತ್ತಾ ಸುತ್ತುತ್ತಾ ಎಲ್ಲೋ ಹೋಗಿ ನಿಂತಿರುತ್ತಾಳೆ.

ಅಲಿಸಿಯಾ ಅವರಿಗೆ ಪಕ್ಕದ ನೋಟ ಪೂರ್ತಿ ಹೋಗಿತ್ತು. ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿನದು ಅಷ್ಟಿಷ್ಟು ಕಾಣುತ್ತಿತ್ತು, ಅದೂ ಮಂಜು ಮಂಜು. ಆದರೆ ಬೆಳಕು ಗೊತ್ತಾಗುತ್ತಿತ್ತು. ಹಾಗಾಗಿ ವೇದಿಕೆಯಲ್ಲಿ ಬೇರೆ ಬೇರೆ ಬಣ್ಣದ ಜೋರು ದೀಪ ಹಾಕಿಸಿಕೊಂಡರು. ಈ ಬಣ್ಣ ಕಂಡರೆ ಈ ಮೂಲೆ, ಆ ಬೆಳಕಿನೊಳಗೆ ಕಾಲಿಟ್ಟರೆ ಮುಂದೆ ವಾದ್ಯದವರ ಗುಂಡಿ, ಜೋಪಾನ. ವೇದಿಕೆಯ ಅಂಚಿನುದ್ದಕ್ಕೂ ಸೊಂಟದ ಎತ್ತರದಲ್ಲಿ ಒಂದು ಸಣ್ಣ ತಂತಿ ಎಳೆದಿರುತ್ತಿದ್ದರು. ಜನಕ್ಕೆ ಅದು ಕಾಣುತ್ತಿರಲಿಲ್ಲ. ಮೈಗೆ ತಾಗಿದರೆ ಮುಂದೆ ಹೋಗಬೇಡ ಅಂತ ಅರ್ಥ. ಉಳಿದದ್ದು ಜೊತೆಗಾರನ ಕೆಲಸ. ಅವನು ಎಲ್ಲಿ ನಿಲ್ಲಬೇಕೋ ಅಲ್ಲೇ, ಅದೇ ತಾಳಕ್ಕೆ ನಿಂತಿರಬೇಕು. ಒಂದು ಅಡಿ ಆಚೀಚೆ ಆಗುವ ಹಾಗಿಲ್ಲ. ಸಣ್ಣಗೆ ಪಿಸುಗುಟ್ಟಿ ದಾರಿ ಹೇಳಬೇಕು. ನಾವು ‘ಯತೋ ಹಸ್ತ ತತೋ ದೃಷ್ಟಿ’ ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವಲ್ಲ, ಕೈ ಹೋದ ಕಡೆ ಕಣ್ಣು ಅಂತ. ಇವರಿಗೆ ಕಣ್ಣು ಹೋಗದ ಕಡೆಗೂ ಕೈ ಹೋಗಬೇಕಿತ್ತು, ಮತ್ತೆ ಅಲ್ಲಿ ಇನ್ನೊಂದು ಕೈ ಇರಲೇಬೇಕಿತ್ತು.

ಅವರ ಪುಣ್ಯ, ಒಳ್ಳೆಯ ಜೊತೆಗಾರರು ಸಿಕ್ಕಿದರು. ಅವರಲ್ಲಿ ಮೊದಲು ಹೇಳಬೇಕಾದವರು ಇಗೋರ್ ಯೂಸ್ಕೆವಿಚ್. 1947ರಲ್ಲಿ ಹೆಸರಾಂತ ನೃತ್ಯ ಸಂಯೋಜಕ ಜಾರ್ಜ್ ಬ್ಯಾಲಂಚೀನ್ ಈ ಇಬ್ಬರಿಗಾಗಿಯೇ ‘ಥೀಮ್ ಅಂಡ್ ವೇರಿಯೇಷನ್ಸ್’ ಅನ್ನುವ ಬ್ಯಾಲೆ ಮಾಡಿದರು. ಇಂದಿಗೂ ದೊಡ್ಡ ದೊಡ್ಡ ಕಂಪನಿಗಳ ನರ್ತಕಿಯರು ಅದಕ್ಕೆ ಹೆದರುತ್ತಾರೆ, ಅಷ್ಟು ಕಷ್ಟ. ‘ಇದು ಆಗುತ್ತಾ?’ ಅಂತ ಬ್ಯಾಲಂಚೀನ್ ಒಂದೊಂದೇ ಕಷ್ಟ ಸೇರಿಸುತ್ತಾ ಹೋದರಂತೆ, ಇವರು ‘ಆಗುತ್ತೆ’ ಅನ್ನುತ್ತಾ ಹೋದರಂತೆ.

ಇನ್ನು ಕಂಪನಿ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ.

1948ರಲ್ಲಿ ನ್ಯೂಯಾರ್ಕ್‌ನ ಬ್ಯಾಲೆ ಥಿಯೇಟರ್‌ಗೆ ದುಡ್ಡಿಲ್ಲದೆ ಕೆಲಸ ನಿಂತಿತು. ನರ್ತಕರು ಖಾಲಿ ಕೂತರು. ಅಲಿಸಿಯಾ, ಫರ್ನಾಂಡೊ, ಆಲ್ಬರ್ಟೊ ಮೂವರೂ ಇದನ್ನೇ ಅವಕಾಶ ಮಾಡಿಕೊಂಡರು. ಖಾಲಿ ಕೂತಿದ್ದವರಲ್ಲಿ ಸುಮಾರು ಜನರನ್ನು ಹವಾನಾಕ್ಕೆ ಕರೆಸಿದರು. ಅಕ್ಟೋಬರ್ 28ರಂದು ಹವಾನಾದ ಆಡಿಟೋರಿಯಂ ಥಿಯೇಟರ್‌ನಲ್ಲಿ ‘ಬ್ಯಾಲೆ ಅಲಿಸಿಯಾ ಅಲೊನ್ಸೊ’ದ ಮೊದಲ ಪ್ರದರ್ಶನ. ಹೆಸರಿಗೆ ಕ್ಯೂಬಾದ ಕಂಪನಿ. ಕುಣಿದವರಲ್ಲಿ ಕ್ಯೂಬಾದವರಿಗಿಂತ ಹೊರಗಿನವರೇ ಜಾಸ್ತಿ. ಟಿಕೆಟ್ ಮಾರಬೇಕಲ್ಲ, ಅದಕ್ಕೇ ಅಲಿಸಿಯಾ ಹೆಸರು. ಆಗ ಅವರಲ್ಲಿದ್ದ ಆಸ್ತಿ ಅಂದರೆ ಆ ಹೆಸರೊಂದೇ.

ಮೂವರೂ ಕೆಲಸ ಹಂಚಿಕೊಂಡಿದ್ದು ನೋಡಿ. ಅಲಿಸಿಯಾ ಮುಖ. ಆಲ್ಬರ್ಟೊ ಹೊಸ ನೃತ್ಯ ಕಟ್ಟುವವರು. ಇದಕ್ಕೆ ಮೊದಲೇ, 1947ರಲ್ಲಿ, ಹವಾನಾದ ವಠಾರದ ಜನರ ಬದುಕನ್ನು ಬ್ಯಾಲೆ ವೇದಿಕೆಗೆ ತಂದು ಸಭಾದ ಸಿರಿವಂತರ ಹುಬ್ಬೇರಿಸಿದ್ದರು. ಮುಂದೆ 1967ರಲ್ಲಿ ಮಾಸ್ಕೋದಲ್ಲಿ ರಷ್ಯಾದ ದೊಡ್ಡ ನರ್ತಕಿ ಮಾಯಾ ಪ್ಲಿಸೆಟ್ಸ್ಕಾಯಾ ಅವರಿಗಾಗಿ ‘ಕಾರ್ಮೆನ್’ ಮಾಡಿದವರೂ ಇವರೇ. ಫರ್ನಾಂಡೊ ಮೇಷ್ಟ್ರು. ಅಂಗರಚನೆ ಓದಿಕೊಂಡು, ಇಟಾಲಿಯನ್ ಶೈಲಿಯಲ್ಲಿ ಯಾವುದು ಒಳ್ಳೆಯದು, ರಷ್ಯನ್ ಶೈಲಿಯಲ್ಲಿ ಯಾವುದು, ಕ್ಯೂಬಾದ ಹುಡುಗರ ಮೈಕಟ್ಟಿಗೆ ಯಾವುದು ಹೊಂದುತ್ತದೆ ಅಂತ ಅಳೆದು ಸುರಿದು ಒಂದು ಪಾಠಕ್ರಮ ಮಾಡಿದರು. ಸ್ವಂತ ನೃತ್ಯ ಸಂಯೋಜನೆಯಲ್ಲಿ ಅಲಿಸಿಯಾ ಅಷ್ಟು ದೊಡ್ಡವರಲ್ಲ ಅಂತ ನನ್ನ ಅಭಿಪ್ರಾಯ. ಹೊಸದು ಮಾಡಿದ್ದಾರೆ, ಇಲ್ಲವೆಂದಲ್ಲ. ಆದರೆ ಹಳೆಯ ಬ್ಯಾಲೆಗಳನ್ನು ಧೂಳು ಕೊಡವಿ ಮತ್ತೆ ನಿಲ್ಲಿಸುವುದರಲ್ಲಿ ಅವರದು ಎತ್ತಿದ ಕೈ. ‘ಜಿಸೆಲ್’ ಹುಟ್ಟಿದ್ದೇ ಪ್ಯಾರಿಸ್ ಆಪೆರಾದಲ್ಲಿ, 1841ರಲ್ಲಿ. 1972ರಲ್ಲಿ ಅದೇ ಪ್ಯಾರಿಸ್ ಆಪೆರಾ ಇವರನ್ನು ಕರೆಸಿ ‘ಜಿಸೆಲ್’ ಮಾಡಿಸಿಕೊಂಡಿತು. ಧಾರವಾಡಕ್ಕೆ ಹೊರಗಿನವರು ಬಂದು ಪೇಡಾ ಮಾಡಿಕೊಟ್ಟ ಹಾಗೆ.

1950ರಲ್ಲಿ ಶಾಲೆ ತೆರೆದರು. ನನ್ನ ಲೆಕ್ಕದಲ್ಲಿ ಕಂಪನಿ ನಿಜವಾಗಿ ಹುಟ್ಟಿದ್ದು ಆವತ್ತು. ಬಾಡಿಗೆ ನರ್ತಕರನ್ನು ತಂದು ಪ್ರದರ್ಶನ ಕೊಡುವುದು ಯಾರಾದರೂ ಮಾಡಬಹುದು. ಆ ನರ್ತಕರು ಊರಿಗೆ ಹೋದ ಮೇಲೆ ಏನು? ಹತ್ತು ವರ್ಷದ ಮಗುವನ್ನು ತಂದು ಹದಿನೆಂಟಕ್ಕೆ ವೇದಿಕೆಗೆ ಹತ್ತಿಸುವ ವ್ಯವಸ್ಥೆ ಬೇಕು. ಅದಿಲ್ಲದ ಕಂಪನಿ ಜಾತ್ರೆ ಟೆಂಟಿನ ಹಾಗೆ, ಕಟ್ಟುವುದೂ ಬೇಗ ಬಿಚ್ಚುವುದೂ ಬೇಗ.

ದುಡ್ಡು? ಸರ್ಕಾರದಿಂದ ಅಷ್ಟಿಷ್ಟು ಬರುತ್ತಿತ್ತು. ಉಳಿದದ್ದು ಅಲಿಸಿಯಾ ಅಮೆರಿಕದಲ್ಲಿ ಕುಣಿದು ತಂದದ್ದು. ವರ್ಷದಲ್ಲಿ ಕೆಲವು ತಿಂಗಳು ಅಲ್ಲಿ ದುಡಿಯುವುದು, ಇಲ್ಲಿ ತಂದು ಸುರಿಯುವುದು. 1955ರಲ್ಲಿ ಹೆಸರನ್ನು ‘ಬ್ಯಾಲೆ ದ ಕ್ಯೂಬಾ’ ಅಂತ ಬದಲಿಸಿದರು. 1956ರಲ್ಲಿ, ಆಗ ಕ್ಯೂಬಾ ಆಳುತ್ತಿದ್ದ ಬಾಟಿಸ್ಟಾ ಸರ್ಕಾರ ಕೊಡುತ್ತಿದ್ದ ಅಷ್ಟನ್ನೂ ನಿಲ್ಲಿಸಿತು. ಸರ್ವಾಧಿಕಾರಿಯ ಪರ ನಿಲ್ಲದ ಕಂಪನಿಗೆ ದುಡ್ಡೇಕೆ ಅಂತ. ವಿದ್ಯಾರ್ಥಿಗಳು ಬೆಂಬಲಕ್ಕೆ ಬಂದರು. ಸೆಪ್ಟೆಂಬರ್‌ನಲ್ಲಿ ಹವಾನಾ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಪ್ರತಿಭಟನೆಯ ಪ್ರದರ್ಶನ ನಡೆಯಿತು. ಆಮೇಲೆ ಅಲಿಸಿಯಾ ಬಾಟಿಸ್ಟಾ ಇರುವವರೆಗೆ ಕ್ಯೂಬಾದಲ್ಲಿ ಕುಣಿಯುವುದಿಲ್ಲ ಅಂದರು. ಕುಣಿಯಲೂ ಇಲ್ಲ. ಕಂಪನಿ ಬಾಗಿಲು ಹಾಕಿತು. ಶಾಲೆ ಮಾತ್ರ ಹೇಗೋ ಉಸಿರಾಡುತ್ತಿತ್ತು. 1957ರ ಕೊನೆಗೆ ಸೋವಿಯತ್ ಒಕ್ಕೂಟದವರು ಕರೆದರು. ಮಾಸ್ಕೋ, ಲೆನಿನ್‌ಗ್ರಾಡ್‌ಗಳಲ್ಲಿ ಕುಣಿದು ಬಂದರು. ಅಮೆರಿಕ ಖಂಡದಿಂದ ಹಾಗೆ ಹೋದ ಮೊದಲ ಬ್ಯಾಲೆ ನರ್ತಕಿ ಅವರು.

1959ರಲ್ಲಿ ಕ್ರಾಂತಿ ಆಯಿತು, ಬಾಟಿಸ್ಟಾ ಹೋಗಿ ಕ್ಯಾಸ್ಟ್ರೊ ಬಂದರು. ಇಲ್ಲಿ ಕ್ಯಾಸ್ಟ್ರೊ ಕಥೆ ಬರುತ್ತದೆ. ಇದು ಫರ್ನಾಂಡೊ ಹೇಳಿದ ಕಥೆ. ಒಂದು ರಾತ್ರಿ ಹೊತ್ತಲ್ಲದ ಹೊತ್ತಲ್ಲಿ ಕ್ಯಾಸ್ಟ್ರೊ ಇವರ ಮನೆಗೆ ಬಂದರು. ಹಾಸಿಗೆ ಮೇಲೆ ಕೂತು ಅದೂ ಇದೂ ಮಾತಾಡಿದರು. ಹೊರಡುವಾಗ, ಅಂದಹಾಗೆ ಬ್ಯಾಲೆಗೆ ಎಷ್ಟು ಬೇಕು ಅಂದರು. ಫರ್ನಾಂಡೊ ಅಳುಕುತ್ತಲೇ ಒಂದು ಲಕ್ಷ ಡಾಲರ್ ಅಂದರು. ಎರಡು ಲಕ್ಷ ಕೊಡುತ್ತೇನೆ, ಆದರೆ ಒಳ್ಳೆಯ ಕಂಪನಿ ಆಗಬೇಕು ಅಂದರಂತೆ ಕ್ಯಾಸ್ಟ್ರೊ. 1960ರಲ್ಲಿ ಕಂಪನಿಗೆ ಸರ್ಕಾರ ಬೆಂಬಲ ಕೊಡಬೇಕು ಅಂತ ಕಾನೂನೇ ಆಯಿತು, ಕಾನೂನು ಸಂಖ್ಯೆ 812. ಹೆಸರು ‘ಬ್ಯಾಲೆ ನ್ಯಾಷನಲ್ ದ ಕ್ಯೂಬಾ’ ಆಯಿತು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಕಟ್ಟಿದ್ದು ಅವರು, ಉಳಿಸಿದ್ದು ಸರ್ಕಾರ. ಕ್ಯಾಸ್ಟ್ರೊ ಹತ್ತಿರ ದುಡ್ಡಿತ್ತು, ಇವರ ಹತ್ತಿರ ಪಾಠಕ್ರಮ, ಮೇಷ್ಟ್ರುಗಳು, ಹತ್ತು ವರ್ಷದ ಅನುಭವ ಇತ್ತು. ಬರೀ ದುಡ್ಡು ಕೊಟ್ಟು ರಾಷ್ಟ್ರೀಯ ಕಂಪನಿ ಮಾಡಲು ಹೊರಟು ಬರೀ ಕಟ್ಟಡ ಕಟ್ಟಿಟ್ಟ ದೇಶಗಳು ಬೇಕಾದಷ್ಟಿವೆ. ಕ್ಯೂಬಾದಲ್ಲೂ ಒಂದು ಕಟ್ಟಡದ ಕಥೆ ಇದೆ. ಸಾಹುಕಾರರ ಗಾಲ್ಫ್ ಮೈದಾನದಲ್ಲಿ 1961ರಲ್ಲಿ ಕಲಾಶಾಲೆಗಳನ್ನು ಕಟ್ಟಲು ಶುರು ಮಾಡಿದರು. ಬ್ಯಾಲೆಗೆ ಇಟ್ಟಿಗೆಯ ದೊಡ್ಡ ದೊಡ್ಡ ಗುಮ್ಮಟಗಳು. ನೋಡಲು ಬಲು ಚೆಂದ. ಅಲಿಸಿಯಾ ಬಂದು ನೋಡಿ, ನನಗಿದು ಇಷ್ಟವಿಲ್ಲ ಅಂದು ಹೊರಟರಂತೆ. ಕೆಲಸ ಅರ್ಧಕ್ಕೇ ನಿಂತಿತು, ಬ್ಯಾಲೆ ಶಾಲೆ ಅಲ್ಲಿಗೆ ಹೋಗಲೇ ಇಲ್ಲ. ಗುಮ್ಮಟಗಳ ಮೇಲೆ ಗಿಡ ಬೆಳೆಯಿತು.

ಸರ್ಕಾರದ ದುಡ್ಡು ಬಂದ ಮೇಲೆ ಬದಲಾದದ್ದು ಏನೆಂದರೆ, ಕಲಿಯುವವರು ಬದಲಾದರು. ಫೀಸಿಲ್ಲ. ಊರೂರಿಗೆ ಹೋಗಿ ಒಂಬತ್ತು ಹತ್ತು ವರ್ಷದ ಮಕ್ಕಳ ಕಾಲು, ಬೆನ್ನು, ಕಿವಿ ಪರೀಕ್ಷೆ ಮಾಡಿ ಆರಿಸಿದರು. ಎಂಟು ವರ್ಷದ ಕಲಿಕೆ. ಗಂಡುಮಕ್ಕಳನ್ನು ಕಳಿಸಲು ಮನೆಯವರು ಒಪ್ಪಲಿಲ್ಲ. ಆಗ ಫರ್ನಾಂಡೊ ಅನಾಥಾಲಯಕ್ಕೆ ಹೋದರು. ಅಲ್ಲಿ ಬೇಡ ಅನ್ನಲು ಅಪ್ಪ ಅಮ್ಮ ಇಲ್ಲವಲ್ಲ! ಹಾಗೆ ಸಿಕ್ಕಿದ ಹುಡುಗರಲ್ಲಿ ಒಬ್ಬ ಹೋರ್ಹೆ ಎಸ್ಕಿವೆಲ್. ಬೆಳೆದು ಅಲಿಸಿಯಾ ಅವರಿಗೇ ಜೊತೆಗಾರನಾದ. ಅವನು ಇಪ್ಪತ್ತರ ಹುಡುಗ, ಅವರಿಗೆ ಐವತ್ತರ ಹತ್ತಿರ. ಕಣ್ಣು ಕಾಣದ ಗುರುವನ್ನು ವೇದಿಕೆ ತುಂಬ ಕೈಹಿಡಿದು ನಡೆಸುವ ಕೆಲಸ ಅವನಿಗೆ ಬಂತು.

1964ರಲ್ಲಿ ಬಲ್ಗೇರಿಯಾದ ವಾರ್ನಾದಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆ ಶುರುವಾಯಿತು. ಕ್ಯೂಬಾದ ಹುಡುಗಿಯರು ಪದಕ ಬಾಚಿದರು. ಮಿರ್ಟಾ ಪ್ಲಾ, ಹೊಸೆಫಿನಾ ಮೆಂಡೆಸ್, ಅರೋರಾ ಬಾಷ್, ಲೊಯಿಪಾ ಅರಾವ್ಹೊ. ಬ್ರಿಟಿಷ್ ವಿಮರ್ಶಕ ಆರ್ನಾಲ್ಡ್ ಹ್ಯಾಸ್ಕೆಲ್ ಈ ನಾಲ್ವರನ್ನು ರತ್ನಗಳು ಅಂದರು. ಇದೊಂದು ಬೇರೆಯೇ ಶೈಲಿ, ಕ್ಯೂಬನ್ ಶೈಲಿ, ಅಂತ ಜನ ಆಡಿಕೊಳ್ಳತೊಡಗಿದ್ದು ಆಗಲೇ. ಏನದು ಅಂತ ಕೇಳಿದರೆ, ತುದಿಗಾಲಲ್ಲಿ ಉಸಿರು ಬಿಗಿಹಿಡಿದ ಹಾಗೆ ನಿಲ್ಲುವುದು, ಲೆಕ್ಕವಿಲ್ಲದಷ್ಟು ಸುತ್ತು, ಮತ್ತೆ ಗಂಡು ಹೆಣ್ಣು ಜೊತೆ ಕುಣಿಯುವಾಗ ನಿಜವಾಗಿ ಮಾತಾಡುತ್ತಿದ್ದಾರೇನೋ ಅನ್ನಿಸುವುದು. ಈ ಕೊನೆಯದು ಎಲ್ಲಿಂದ ಬಂತು? ಜೊತೆಗಾರನ ಮೇಲೆ ಪೂರ್ತಿ ನಂಬಿಕೆ ಇಟ್ಟು ಕುಣಿಯಬೇಕಾಗಿ ಬಂದ ಒಬ್ಬ ಗುರುವಿನಿಂದ ಅಂತ ನನ್ನ ಊಹೆ. ಮುಂದಿನ ಪೀಳಿಗೆಯ ಕಾರ್ಲೋಸ್ ಅಕೋಸ್ಟಾ ಇದೇ ಶಾಲೆಯಲ್ಲಿ ಕಲಿತವರು. ಹವಾನಾದ ಲಾರಿ ಡ್ರೈವರ್ ಒಬ್ಬರ ಮಗ. ತುಂಟಾಟ ಬಿಡಿಸಲು ಅಪ್ಪ ಬ್ಯಾಲೆಗೆ ಹಾಕಿದರು. ಹುಡುಗ ಲಂಡನ್‌ನ ರಾಯಲ್ ಬ್ಯಾಲೆಯಲ್ಲಿ ತಾರೆಯಾದ.

ಬರೀ ಹೊಗಳಿಕೆ ಬರೆದರೆ ನಿಮ್ಮ ಮಗಳು ತರಗತಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ. ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲಿಸಿಯಾ ಕೊನೆವರೆಗೂ ಕ್ಯಾಸ್ಟ್ರೊ ಪರ. ಸರ್ಕಾರದ ವಿರುದ್ಧ ಒಂದು ಮಾತಾಡಲಿಲ್ಲ. 1966ರಲ್ಲಿ ಪ್ಯಾರಿಸ್ ಪ್ರವಾಸದಲ್ಲಿ ಅವರ ಕಂಪನಿಯ ಹತ್ತು ನರ್ತಕರು ವಾಪಸ್ ಬರಲಿಲ್ಲ. ಅದು ಮೊದಲು, ಕೊನೆಯಲ್ಲ. ಸಂಬಳ ಕಡಿಮೆ, ಶೂಗೂ ತತ್ವಾರ, ಹೊಸ ನೃತ್ಯಗಳಿಲ್ಲ. ಪ್ರವಾಸ ಹೋದಾಗಲೆಲ್ಲ ಯಾರಾದರೂ ಹೊರಗೇ ಉಳಿಯುತ್ತಿದ್ದರು. ಕರಿಯ ಮೈಬಣ್ಣದ ಹೆಣ್ಣುಮಕ್ಕಳಿಗೆ ಮುಖ್ಯ ಪಾತ್ರ ಸಿಗುವುದು ಅಪರೂಪ ಅನ್ನುವ ದೂರು ಬಹಳ ವರ್ಷಗಳದು. ಎಲ್ಲಕ್ಕಿಂತ ಹೆಚ್ಚಾಗಿ, ಅವರು ಕುರ್ಚಿ ಬಿಡಲಿಲ್ಲ. ಎಪ್ಪತ್ತು ದಾಟಿದರೂ ವೇದಿಕೆ ಹತ್ತಿದರು, ಕೊನೆಯ ಸಲ ಕುಣಿದಿದ್ದು 1995ರಲ್ಲಿ. ತೊಂಬತ್ತು ದಾಟಿದರೂ ನಿರ್ದೇಶಕಿ. ಕಾಣದ ಕಣ್ಣಿನಲ್ಲಿ ತಾಲೀಮು ನೋಡುತ್ತಿದ್ದರು. ಹೆಜ್ಜೆ ಸದ್ದಿನಲ್ಲೇ ತಪ್ಪು ಹಿಡಿಯುತ್ತಾರೆ ಅಂತ ಮೆಚ್ಚಿದವರು ಇದ್ದರು, ಇನ್ನಾದರೂ ಬೇರೆಯವರಿಗೆ ಬಿಡಬಾರದಾ ಅಂತ ಗೊಣಗಿದವರೂ ಇದ್ದರು. ನಾನು ಎರಡನೇ ಗುಂಪಿನವನು. 2019ರ ಜನವರಿಯಲ್ಲಿ ಕಂಪನಿಯ ಮುಖ್ಯ ನರ್ತಕಿ ವಿಯೆಂಗ್ಸೇ ವಾಲ್ಡೆಸ್ ಅವರನ್ನು ಉಪನಿರ್ದೇಶಕಿ ಮಾಡಿದರು. ಅದೇ ವರ್ಷ ಅಕ್ಟೋಬರ್ 17ರಂದು ಅಲಿಸಿಯಾ ತೀರಿಕೊಂಡರು, 98 ವರ್ಷ.

ಇನ್ನಿಬ್ಬರು ಏನಾದರು? ಅಲಿಸಿಯಾ ಮತ್ತು ಫರ್ನಾಂಡೊ 1970ರ ದಶಕದಲ್ಲಿ ಬೇರೆಯಾದರು. ಫರ್ನಾಂಡೊ ರಾಜಧಾನಿ ಬಿಟ್ಟು ಕಾಮಾಗ್ವೆ ಅನ್ನುವ ಊರಿನ ಬ್ಯಾಲೆ ಕಂಪನಿಗೆ ಹೋದರು, ಅಲ್ಲೂ ಪಾಠ ಮಾಡಿದರು. 2013ರಲ್ಲಿ ತೀರಿಕೊಂಡರು. ಆಲ್ಬರ್ಟೊ 1990ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲೇ ಉಳಿದರು. ಹವಾನಾದ ದೊಡ್ಡ ರಂಗಮಂದಿರಕ್ಕೆ 2015ರಲ್ಲಿ ಅಲಿಸಿಯಾ ಅಲೊನ್ಸೊ ಅಂತ ಹೆಸರಿಟ್ಟರು. ಮೇಷ್ಟ್ರ ಹೆಸರು ಹೇಳುವವರು ಬ್ಯಾಲೆ ತರಗತಿಯೊಳಗೆ ಮಾತ್ರ ಸಿಗುತ್ತಾರೆ. ಅದಕ್ಕೇ ಮಗಳು ಮಾತಾಡುವಾಗ ಫರ್ನಾಂಡೊ ಹೆಸರನ್ನು ಎರಡು ಸಲ ಹೇಳಲಿ ಅನ್ನುವುದು ನನ್ನ ಆಸೆ.

ನೋಡಲು ಬೇಕಾದರೆ, 1963ರಲ್ಲಿ ಕ್ಯೂಬಾದಲ್ಲಿ ಚಿತ್ರೀಕರಿಸಿದ ಅವರ ‘ಜಿಸೆಲ್’ ಇದೆ. ಕಪ್ಪು ಬಿಳುಪು. ಆಗ ಅವರಿಗೆ ನಲವತ್ತು ದಾಟಿತ್ತು. ಜೊತೆಗಾರ ಅಜಾರಿ ಪ್ಲಿಸೆಟ್ಸ್ಕಿ, ಮಾಯಾ ಅವರ ತಮ್ಮ. ಮೊದಲ ಸಲ ಅವರನ್ನು ನೋಡಿ. ಎರಡನೇ ಸಲ ಅವರನ್ನು ಬಿಟ್ಟು ಜೊತೆಗಾರನ ಕೈಯನ್ನೇ ನೋಡಿ.

ಕೊನೆಗೆ, ಮಗಳನ್ನು ಸೇರಿಸಬಹುದಾ? ಧಾರಾಳವಾಗಿ. ಹದಿಮೂರು ಅಂದರೆ ವೃತ್ತಿಗೆ ತಡ, ಕಲಿಕೆಗೆ ತಡವಲ್ಲ. ಆರು ವರ್ಷ ಅರಮಂಡಿ ಕೂತ ಹುಡುಗಿಗೆ ತೊಡೆಯಲ್ಲಿ ಶಕ್ತಿ ಇರುತ್ತದೆ. ಮಂಡಿ ಹೊರಗೆ ತಿರುಗಿಸುವ ಅಭ್ಯಾಸವೂ ಇರುತ್ತದೆ, ಬ್ಯಾಲೆಯಲ್ಲಿ ಮಂಡಿ ಮಡಿಸುವ ಪ್ಲಿಯೇ ಅವಳಿಗೆ ಗುರುತು ಸಿಗುತ್ತದೆ. ಕಷ್ಟ ಆಗುವುದು ಬೇರೆ ಕಡೆ. ನಾವು ನೆಲವನ್ನು ತಟ್ಟುತ್ತೇವೆ, ಅವರು ನೆಲದಿಂದ ಬಿಡಿಸಿಕೊಳ್ಳಲು ನೋಡುತ್ತಾರೆ. ಮೊದಲ ಆರು ತಿಂಗಳು ಅವಳ ಪಾದಕ್ಕೆ ಯಾವುದು ಮಾಡಬೇಕು ಅಂತ ಗೊಂದಲವಾಗುತ್ತದೆ, ಆಗಲಿ ಬಿಡಿ. ಭರತನಾಟ್ಯದ ಗುರುಗಳಿಗೆ ಮೊದಲೇ ಹೇಳಿ, ಒಪ್ಪಿಗೆ ತೆಗೆದುಕೊಳ್ಳಿ. ಶುರುವಿಗೆ ಮೆತ್ತಗಿನ ಚಪ್ಪಟೆ ಶೂ ಸಾಕು. ತುದಿಗಾಲಿನ ಶೂ ಹಾಕಲು ಹಿಮ್ಮಡಿ, ಕಾಲ್ಗಂಟು, ಹೊಟ್ಟೆಯ ಸ್ನಾಯು ಗಟ್ಟಿಯಾಗಬೇಕು, ಅದಕ್ಕೆ ಒಂದೆರಡು ವರ್ಷವಾದರೂ ಬೇಕು. ಹುಟ್ಟುಹಬ್ಬಕ್ಕೆ ಅಂತ ಆನ್‌ಲೈನ್‌ನಲ್ಲಿ ಮಾತ್ರ ಅದನ್ನು ತರಿಸಿಬಿಡಬೇಡಿ. ಬಂದ ದಿನವೇ ಕನ್ನಡಿ ಮುಂದೆ ಹಾಕಿಕೊಂಡು ನಿಂತುಬಿಡುತ್ತಾಳೆ.